ನವಲೂರ ಪೇರಲಹಣ್ಣು ಯಾವಾಗ ಕೊಂಡರೆ ರುಚಿ? ಒಳ್ಳೆಯದನ್ನು ಆರಿಸುವುದು ಹೇಗೆ?

ಚಳಿಗಾಲದಲ್ಲಿ ಕೊಳ್ಳಿ. ಮಳೆಗಾಲದಲ್ಲೂ ಪೇರಲ ಗಿಡ ಮೈತುಂಬ ಕಾಯಿ ಬಿಡುತ್ತದೆ, ಆದರೆ ಆ ಹಣ್ಣು ಬರೀ ನೀರು ನೀರು. ಹಣ್ಣುನೊಣದ ಕಾಟವೂ ಆಗಲೇ ಜಾಸ್ತಿ, ಕಚ್ಚಿದರೆ ಒಳಗೆ ಹುಳ. ಚಳಿ ಬಿದ್ದ ಮೇಲೆ ಬರುವ ಫಸಲಿಗೆ ಹುಳ ಕಡಿಮೆ, ಸಿಹಿ ಹೆಚ್ಚು.

ಹುಬ್ಬಳ್ಳಿ-ಧಾರವಾಡ ನಡುವೆ ನವಲೂರ ಕಡೆ ಬುಟ್ಟಿ ಇಟ್ಟುಕೊಂಡು ಕೂತವರ ಹತ್ತಿರ ಬೆಳಿಗ್ಗೆಯೇ ಹೋಗಿ. ಕಡುಹಸಿರು ಹೋಗಿ ತಿಳಿಹಳದಿಗೆ ತಿರುಗುತ್ತಿರುವ, ಹೆಬ್ಬೆರಳಿಂದ ಒತ್ತಿದರೆ ತುಸುವೇ ಬಗ್ಗುವ ಹಣ್ಣು ಆರಿಸಿ. ಮೂಸಿ ನೋಡಿ, ಘಮ ತಾನೇ ಹೇಳುತ್ತದೆ. ಸೂಜಿ ಚುಚ್ಚಿದಂಥ ಚುಕ್ಕೆಯಿದ್ದು ಸುತ್ತಲೂ ಮೆತ್ತಗಾಗಿದ್ದರೆ ಬಿಟ್ಟುಬಿಡಿ, ಅದು ನೊಣ ಮೊಟ್ಟೆ ಇಟ್ಟ ಗುರುತು. ಗಿಳಿ ಕಚ್ಚಿದ ಹಣ್ಣೇ ಸಿಹಿ ಅನ್ನುವವರಿದ್ದಾರೆ. ಇರಬಹುದು. ಕಚ್ಚಿದ್ದು ಗಿಳಿಯೋ ಬಾವಲಿಯೋ ಗೊತ್ತಾಗುವುದಿಲ್ಲವಲ್ಲ, ನಾನಂತೂ ಮುಟ್ಟುವುದಿಲ್ಲ.

ದೋರೆಗಾಯಿ ಸಿಕ್ಕರೂ ಚಿಂತೆಯಿಲ್ಲ. ಪೇರಲ ಕಿತ್ತ ಮೇಲೂ ಮಾಗುತ್ತದೆ. ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಟ್ಟರೆ ಬಾಳೆ ಬಿಡುವ ಎಥಿಲೀನ್ ಅನಿಲದಿಂದ ಇನ್ನೂ ಬೇಗ.

ಸಿಪ್ಪೆ ಮಾತ್ರ ಹೆರೆಯಬೇಡಿ, ತೊಳೆದು ಹಾಗೇ ತಿನ್ನಿ. ಸಿ ಜೀವಸತ್ವ ಸಿಪ್ಪೆಯ ಬಳಿಯೇ ಹೆಚ್ಚು. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ, ಅಂದರೆ ಕಿತ್ತಳೆಗಿಂತ ಎಷ್ಟೋ ಪಟ್ಟು. ಹೋಳು ಮಾಡಿ ಉಪ್ಪು-ಖಾರ ಹಚ್ಚುವುದಾದರೆ ಬ್ಯಾಡಗಿ ಮೆಣಸಿನಕಾಯಿ ಪುಡಿಯೇ ಸರಿ: ಬಣ್ಣ ಕೆಂಪಗೆ, ಉರಿ ಕಡಿಮೆ, ಹಣ್ಣಿನ ರುಚಿ ಮುಚ್ಚಿಹೋಗುವುದಿಲ್ಲ.