ಪೊಲೀಸರಿಲ್ಲದ ವಿಶ್ವಸಂಸ್ಥೆ, ಎಲ್ಲೆಡೆ ನಡೆಯುವ ಪಾಸ್‌ಪೋರ್ಟ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಪದವು. ಒಂದು ಕಬ್ಬಿನ ಗದ್ದೆಯಿಂದ ಬಂದಿದೆ, ಒಂದು ಪರೀಕ್ಷೆಯ ಗಡಿಬಿಡಿಯಲ್ಲಿ ಬರೆದದ್ದು. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಉಕ್ರೇನ್ ಯುದ್ಧ ಶುರುವಾಗಿ ವರ್ಷಗಳೇ ಕಳೆದವು. ವಿಶ್ವಸಂಸ್ಥೆ ಖಂಡಿಸುವುದು ಬಿಟ್ಟು ಬೇರೇನೂ ಮಾಡಿದ್ದು ಕಾಣೆ. ಯುದ್ಧ ನಿಲ್ಲಿಸಲಾಗದ ಸಂಸ್ಥೆಗೆ ನಾವು ದುಡ್ಡು ಯಾಕೆ ಕೊಡಬೇಕು? (ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಮೊದಲು ದುಡ್ಡಿನ ಮಾತು. ವಿಶ್ವಸಂಸ್ಥೆಯ ಮಾಮೂಲಿ ಬಜೆಟ್ಟಿನಲ್ಲಿ ಭಾರತದ ಪಾಲು ಶೇ 1ಕ್ಕಿಂತ ಚೂರು ಹೆಚ್ಚು. ಅಮೆರಿಕದ ಪಾಲು ಶೇ 22. ಎರಡು ವರ್ಷದಷ್ಟು ಚಂದಾ ಬಾಕಿ ಉಳಿಸಿಕೊಂಡ ದೇಶ, ಎಲ್ಲ ಸದಸ್ಯ ದೇಶಗಳೂ ಕೂರುವ ಮಹಾಸಭೆಯಲ್ಲಿ ಮತ ಹಾಕುವಂತಿಲ್ಲ. ಬ್ಯಾಂಕಿನಲ್ಲಿದ್ದವರು ನೀವು, ಈ ನಿಯಮ ನಿಮಗೆ ಹಿಡಿಸಬಹುದು.

ಇನ್ನು ಯುದ್ಧ. ವಿಶ್ವಸಂಸ್ಥೆ ಎಂದರೆ ಸರ್ಕಾರಗಳ ಮೇಲೊಂದು ಸರ್ಕಾರ ಎಂದುಕೊಂಡರೆ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಅದು ಸರ್ಕಾರಗಳು ಕಟ್ಟಿಕೊಂಡ ಸಂಘ. ಸಂಘದ ಬೈಲಾ ಬರೆದವರು 1945ರಲ್ಲಿ ಯುದ್ಧ ಗೆದ್ದವರು. 15 ಸದಸ್ಯರ ಭದ್ರತಾ ಮಂಡಳಿಯಲ್ಲಿ ಐವರು ಕಾಯಂ: ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್. ಯಾವುದೇ ಮುಖ್ಯ ನಿರ್ಣಯಕ್ಕೆ 9 ಮತ ಬೇಕು, ಆ ಐವರಲ್ಲಿ ಒಬ್ಬರೂ ವಿರುದ್ಧ ಮತ ಹಾಕಿರಬಾರದು. ಹೀಗೆ ಒಬ್ಬರೇ ತಡೆಯುವ ಹಕ್ಕಿಗೆ ‘ವೀಟೊ’ ಎನ್ನುತ್ತಾರೆ, ಆದರೆ ಆ ಪದ ಸನ್ನದಿನಲ್ಲಿ, ಅಂದರೆ ವಿಶ್ವಸಂಸ್ಥೆಯ ಆ ಬೈಲಾದಲ್ಲಿ, ಎಲ್ಲೂ ಇಲ್ಲ. 27ನೇ ವಿಧಿಯಲ್ಲಿ ಕಾಯಂ ಸದಸ್ಯರ ಸಹಮತ ಇರಬೇಕು ಎಂದಷ್ಟೇ ಇದೆ. ಇಡೀ ಜಗತ್ತು ಎಂಟು ದಶಕದಿಂದ ಹೆಣಗುತ್ತಿರುವುದು ಆ ಒಂದು ಸಾಲಿನ ಜೊತೆ.

2022ರ ಫೆಬ್ರುವರಿ 25ರಂದು ಏನಾಯಿತು ನೋಡಿ. ರಷ್ಯಾ ಸೇನೆ ವಾಪಸಾಗಲಿ ಎಂಬ ನಿರ್ಣಯಕ್ಕೆ 11 ಮತ ಬಿದ್ದವು. ಭಾರತ, ಚೀನಾ, ಯುಎಇ ತಟಸ್ಥ ಉಳಿದವು. ರಷ್ಯಾ ಒಂದೇ ವಿರುದ್ಧ, ನಿರ್ಣಯ ಅಲ್ಲಿಗೆ ಮುಗಿಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಯಾರದ್ದಾಗಿತ್ತು ಗೊತ್ತೇ? ರಷ್ಯಾದ್ದೇ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾವು ಗಾದೆಯಲ್ಲಿ ಕೇಳಿದ್ದೆವು. ಅವತ್ತು ಟಿವಿಯಲ್ಲಿ ನೇರಪ್ರಸಾರದಲ್ಲಿ ನೋಡಿದೆವು.

ಹಾಗಂತ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎರಡು ದಿನದ ನಂತರ ಅದೇ ಮಂಡಳಿ ವಿಷಯವನ್ನು ಮಹಾಸಭೆಯ ತುರ್ತು ಅಧಿವೇಶನಕ್ಕೆ ಕಳಿಸಿತು. ಇದು ಕಲಾಪದ ವಿಧಾನಕ್ಕೆ ಸೇರಿದ ವಿಷಯವಾದ್ದರಿಂದ ವೀಟೊ ನಡೆಯುವುದಿಲ್ಲ. ಮಾರ್ಚ್ 2ರಂದು 141 ದೇಶಗಳು ರಷ್ಯಾ ವಿರುದ್ಧ ಮತ ಹಾಕಿದವು, 5 ಪರವಾಗಿ, 35 ತಟಸ್ಥ. ಆ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ, ನಿಜ.

ಈ ಹಿಂಬಾಗಿಲು ತೆರೆದದ್ದು 1950ರಲ್ಲಿ, ಕೊರಿಯಾ ಯುದ್ಧದ ಹೊತ್ತಿನಲ್ಲಿ. ಆ ವರ್ಷದ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಅವರೇ. ಚೀನಾದ ಕುರ್ಚಿ ಯಾರಿಗೆ ಎಂಬ ಜಗಳಕ್ಕೆ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಆ ಗೈರುಹಾಜರಿಯಿಂದಾಗಿ ದಕ್ಷಿಣ ಕೊರಿಯಾಕ್ಕೆ ಸೇನಾ ನೆರವು ನೀಡುವ ನಿರ್ಣಯ ಪಾಸಾಯಿತು. ಜೂನ್ 27ರ ಆ ಮತದಾನದ ಹೊತ್ತಿಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ, ಸಭೆ ನಡೆಸುತ್ತಿದ್ದ ರಾಯರು ಮತ ಹಾಕಲೇ ಇಲ್ಲ. ಸೋವಿಯತ್ ಪ್ರತಿನಿಧಿ ಆಗಸ್ಟ್‌ನಲ್ಲಿ ಮರಳಿ ಬಂದ ಮೇಲೆ ಮಂಡಳಿ ಮತ್ತೆ ಕಟ್ಟಿಹಾಕಿದಂತಾಯಿತು. ನವೆಂಬರ್‌ನಲ್ಲಿ ಮಹಾಸಭೆ ‘ಮಂಡಳಿ ಕೈಚೆಲ್ಲಿದರೆ ನಾವು ಕೈಗೆತ್ತಿಕೊಳ್ಳುತ್ತೇವೆ’ ಎಂಬ ದಾರಿ ಮಾಡಿಕೊಂಡಿತು.

ವೀಟೊ ಕಿತ್ತೊಗೆಯಿರಿ ಎನ್ನುವವರಿಗೆ ಎರಡು ಮಾತು. ಸನ್ನದು ತಿದ್ದಲು ಮೂರನೇ ಎರಡರಷ್ಟು ದೇಶಗಳು ಒಪ್ಪಿದರೆ ಸಾಲದು, ಐವರು ಕಾಯಂ ಸದಸ್ಯರೂ ಒಪ್ಪಬೇಕು. ತಮ್ಮ ಕೈಯ ಕೋಲನ್ನು ಅವರೇ ಮುರಿದುಕೊಡಬೇಕು! ಇನ್ನೊಂದು, 1971ರ ಡಿಸೆಂಬರ್‌ನಲ್ಲಿ ನಮ್ಮ ಸೇನೆ ಢಾಕಾ ಕಡೆಗೆ ಸಾಗುತ್ತಿದ್ದಾಗ ಕದನವಿರಾಮದ ನಿರ್ಣಯಗಳನ್ನು ಸೋವಿಯತ್ ಒಕ್ಕೂಟ ವೀಟೊ ಹಾಕಿ ತಡೆಯಿತು. ಅವತ್ತು ನಮ್ಮಲ್ಲಿ ಯಾರೂ ವೀಟೊವನ್ನು ಬೈದದ್ದು ನನಗೆ ನೆನಪಿಲ್ಲ.

ನಿಯಮ ಮುರಿದವರನ್ನು ಹಿಡಿಯುವ ಪೊಲೀಸರು ವಿಶ್ವಸಂಸ್ಥೆಗಿಲ್ಲ. ಪೊಲೀಸರಿಲ್ಲದೆಯೂ ಕೆಲವು ನಿಯಮ ಎಲ್ಲೆಡೆ ಹೇಗೆ ನಡೆಯುತ್ತವೆ ಎಂದು ನೋಡಲು ಈಗ ನಿಮ್ಮ ಪಾಸ್‌ಪೋರ್ಟ್ ತೆಗೆಯಿರಿ. ಫೋಟೊ ಇರುವ ಪುಟದ ಕೆಳಗೆ ಎರಡು ಸಾಲು ಅಕ್ಷರ, ಅಂಕಿ, ನಡುನಡುವೆ ಬಾಣದ ಮೊನೆಯಂಥ ಗುರುತು. ಒಂದೊಂದು ಸಾಲಿನಲ್ಲೂ ಸರಿಯಾಗಿ 44. ಎಣಿಸಿ ನೋಡಿ. ಎರಡನೇ ಸಾಲಿನಲ್ಲಿ ನಿಮ್ಮ ಜನ್ಮದಿನ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಆರು ಅಂಕಿಗಳಾಗಿ ಇದೆ, ಅದರ ಬೆನ್ನಿಗೇ ಇನ್ನೊಂದು ಅಂಕಿ. ಅದು ತಾಳೆ ನೋಡುವ ಅಂಕಿ. 1985ರ ಏಪ್ರಿಲ್ 12 ಎಂದಿಟ್ಟುಕೊಳ್ಳಿ: 850412. ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ: 56, 15, 0, 28, 3, 2. ಕೂಡಿದರೆ 104. ಹತ್ತರಿಂದ ಭಾಗಿಸಿದರೆ ಉಳಿಯುವುದು 4. ಪಾಸ್‌ಪೋರ್ಟಿನಲ್ಲಿ ಜನ್ಮದಿನದ ಮುಂದೆ 4 ಇರಲೇಬೇಕು. ನಿಮ್ಮದಕ್ಕೆ ನೀವೇ ಮಾಡಿ ನೋಡಿ, ತಪ್ಪುವುದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿರಲಿ, ಕ್ವಾಲಾಲಂಪುರದಲ್ಲಿರಲಿ, ಯಂತ್ರ ಮಾಡುವುದೂ ಇದೇ ಲೆಕ್ಕ.

ಈ ನಿಯಮ ಬರೆದದ್ದು ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. 1944ರ ಷಿಕಾಗೊ ಒಪ್ಪಂದದ ಕೂಸು, 193 ಸದಸ್ಯ ದೇಶಗಳು. ಯಂತ್ರ ಓದಲಾಗದ, ಕೈಬರಹದ ಪಾಸ್‌ಪೋರ್ಟುಗಳಿಗೆ 2015ರ ನವೆಂಬರ್ 24 ಕೊನೆ ಎಂದು ಅದು ಗಡುವು ಹಾಕಿತು. ಇಪ್ಪತ್ತು ವರ್ಷದ ಅವಧಿಗೆ ಕೊಟ್ಟಿದ್ದ ಹಳೆಯ ಪಾಸ್‌ಪೋರ್ಟ್ ಹಿಡಿದುಕೊಂಡಿದ್ದ ನಮ್ಮವರೂ ಹೊಸದಕ್ಕೆ ಸಾಲು ನಿಂತರು. ಆ ಸಂಸ್ಥೆಗೂ ಪೊಲೀಸರಿಲ್ಲ. ನಿಯಮ ನಮಗೆ ಒಗ್ಗದು ಎಂದು ದೇಶವೊಂದು ಬರೆದು ತಿಳಿಸಲು ಒಪ್ಪಂದದಲ್ಲೇ ಅವಕಾಶವೂ ಇದೆ. ಆದರೆ ಹಾಗೆ ಮಾಡಿದರೆ ಆ ದೇಶದ ಪ್ರಜೆಗಳು ಪರದೇಶದ ವಿಮಾನ ನಿಲ್ದಾಣದಲ್ಲಿ ಪರದಾಡಬೇಕು. ಪಾಲಿಸುವುದೇ ಅಗ್ಗ, ಹಾಗಾಗಿ ಪಾಲಿಸುತ್ತಾರೆ. ಪಾಲಿಸದಿದ್ದರೆ ತಮಗೇ ಹೆಚ್ಚು ಲಾಭ ಎಂದು ಬಲಿಷ್ಠ ದೇಶವೊಂದಕ್ಕೆ ಅನ್ನಿಸಿದ ಕಡೆ ಉಕ್ರೇನ್ ಆಗುತ್ತದೆ. ಎರಡನ್ನೂ ನಡೆಸುವುದು ಇದೇ ಲೆಕ್ಕಾಚಾರ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಮ್ಮ ಕಬ್ಬಿನ ರೇಟಿನ ಮ್ಯಾಲ ಬ್ರೆಜಿಲ್‌ನವ್ರು ಎಲ್ಲ್ಯೋ ಕೇಸ್ ಹಾಕಿ ಗೆದ್ದಾರಂತ ಫ್ಯಾಕ್ಟರಿ ಮುಂದ ಮಾತಾಡ್ತಿದ್ರು. ಖರೇ ಏನ್ರಿ? ನಮ್ಮ ರೇಟ್ ಕಡಿಮಿ ಆಗ್ತದೇನು? (ಕಬ್ಬು ಬೆಳೆಗಾರರು, ಬಾಗಲಕೋಟೆ ಜಿಲ್ಲೆ)

ಖರೇನೇ. ಆದರೆ ನಿಮ್ಮ ರೇಟು ಆ ಕೇಸಿನಿಂದ ಇಳಿದಿಲ್ಲ. ಹೇಗೆ ಎಂಬುದು ಸ್ವಲ್ಪ ತಮಾಷೆಯ ಕಥೆ.

ಕೇಸು ಇರುವುದು ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ. ಹಾಕಿದವರು ಮೂವರು: ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ. ಭಾರತ ಸಕ್ಕರೆ ರಫ್ತಿಗೆ ಸಬ್ಸಿಡಿ ಕೊಡುತ್ತದೆ, ಜೊತೆಗೆ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ಕಟ್ಟುವ ಕನಿಷ್ಠ ಬೆಲೆ) ನಿಗದಿ ಮಾಡಿ ಬೆಳೆಗಾರರಿಗೆ ಮಿತಿ ಮೀರಿ ಬೆಂಬಲ ಕೊಡುತ್ತದೆ ಎಂಬುದು ದೂರು. ನಮ್ಮಂಥ ದೇಶಕ್ಕೆ ಮಿತಿ ಬೆಳೆಯ ಒಟ್ಟು ಮೌಲ್ಯದ ಶೇ 10. ‘ಎಫ್‌ಆರ್‌ಪಿ ದುಡ್ಡು ಕೊಡೋದು ಕಾರ್ಖಾನೆ, ಸರ್ಕಾರ ಅಲ್ಲ, ಹಾಗಾದರೆ ಅದು ಸರ್ಕಾರದ ಬೆಂಬಲ ಹೇಗಾಗುತ್ತದೆ?’ ಎಂದು ಭಾರತ ವಾದಿಸಿತು. ಕಾರ್ಖಾನೆ ಕೊಟ್ಟರೂ ಬೆಲೆ ಕಟ್ಟಿದ್ದು ಸರ್ಕಾರವೇ ತಾನೇ ಎಂದಿತು ನ್ಯಾಯಸಮಿತಿ. 2021ರ ಡಿಸೆಂಬರ್ 14ಕ್ಕೆ ಬಂದ ವರದಿ ನಮ್ಮ ವಿರುದ್ಧ: 2014–15ರಿಂದ 2018–19ರವರೆಗೆ ಐದೂ ಹಂಗಾಮಿನಲ್ಲಿ ಮಿತಿ ದಾಟಿದೆ ಎಂದು.

ಲೆಕ್ಕ ಹಾಕುವ ರೀತಿಯ ಬಗ್ಗೆ ನನಗೆ ತಕರಾರಿದೆ. ಇವತ್ತಿನ ಎಫ್‌ಆರ್‌ಪಿಯನ್ನು ಹೋಲಿಸುವುದು ಇವತ್ತಿನ ಮಾರುಕಟ್ಟೆ ಬೆಲೆಗಲ್ಲ, 1986–88ರ ಬೆಲೆಗೆ. ಕೃಷಿ ಒಪ್ಪಂದದಲ್ಲಿ ಹಾಗೆಯೇ ಬರೆದಿದೆ. ನಿಮ್ಮ ಅಪ್ಪನ ಕಾಲದ ರಸಗೊಬ್ಬರದ ದರ ಹಿಡಿದು ಈ ವರ್ಷದ ಖರ್ಚು ಹೆಚ್ಚಾಯಿತು ಎಂದು ಬೈದ ಹಾಗೆ. ಈ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿದೆ ಎಂಬುದನ್ನೂ ಹೇಳಬೇಕು. ಆದರೆ ರಫ್ತು ಸಬ್ಸಿಡಿ ವಿಚಾರದಲ್ಲಿ ನಮ್ಮ ವಾದ ಅಷ್ಟು ಗಟ್ಟಿಯಿರಲಿಲ್ಲ.

ಸೋತ ಮೇಲೆ ಭಾರತ ಮೇಲ್ಮನವಿ ಹಾಕಿತು. ಎಲ್ಲಿಗೆ? ಯಾರೂ ಇಲ್ಲದ ಪೀಠಕ್ಕೆ! ಮೇಲ್ಮನವಿ ಮಂಡಳಿಯಲ್ಲಿ ಏಳು ಸದಸ್ಯರಿರಬೇಕು, ಒಂದು ಕೇಸಿಗೆ ಕನಿಷ್ಠ ಮೂವರು. ನೇಮಕಕ್ಕೆ ಎಲ್ಲ ದೇಶಗಳ ಒಮ್ಮತ ಬೇಕು. ಮಂಡಳಿ ತನ್ನ ಅಧಿಕಾರ ಮೀರುತ್ತಿದೆ ಎಂದು ಅಮೆರಿಕ ಒಂದೊಂದೇ ನೇಮಕ ತಡೆಯುತ್ತಾ ಬಂತು. ಅಧ್ಯಕ್ಷರು ಬದಲಾದರೂ ಈ ಹಟ ಬದಲಾಗಲಿಲ್ಲ. 2019ರ ಡಿಸೆಂಬರ್‌ನಲ್ಲಿ ಒಬ್ಬರೇ ಉಳಿದರು, 2020ರ ನವೆಂಬರ್ ಕೊನೆಗೆ ಅವರೂ ನಿವೃತ್ತರಾದರು. ಮೇಲ್ಮನವಿ ಇತ್ಯರ್ಥವಾಗದೆ ಕೆಳಗಿನ ತೀರ್ಪು ಜಾರಿಯಾಗುವುದಿಲ್ಲ. ಇತ್ಯರ್ಥ ಮಾಡಲು ಜನವಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ನ್ಯಾಯಾಧೀಶರಿಲ್ಲದ ಕೋರ್ಟಿನಲ್ಲಿ ಜಮೀನಿನ ಕೇಸು ಮಲಗಿರುವುದನ್ನು ನೋಡಿದ್ದೀರಲ್ಲ, ಹಾಗೆ. ಬ್ರೆಜಿಲ್, ಆಸ್ಟ್ರೇಲಿಯಾ ಸೇರಿ ಹಲವು ದೇಶಗಳು ತಮ್ಮತಮ್ಮಲ್ಲೇ ಬದಲಿ ಪಂಚಾಯಿತಿ ಮಾಡಿಕೊಂಡಿವೆ. ಭಾರತ ಅದಕ್ಕೆ ಸೇರಿಲ್ಲ.

ಇದು ನಮಗೆ ಲಾಭ ಎನ್ನುವವರಿದ್ದಾರೆ. ನಾನು ಅಷ್ಟು ಖುಷಿಪಡಲಾರೆ. ನಾಳೆ ನಮ್ಮ ಸರಕಿನ ಮೇಲೆ ದೊಡ್ಡ ದೇಶವೊಂದು ಬೇಕಾಬಿಟ್ಟಿ ಸುಂಕ ಹಾಕಿದರೆ ನಾವು ಹೋಗಬೇಕಾದದ್ದೂ ಅದೇ ಖಾಲಿ ಪೀಠದ ಮುಂದೆ. ನಿಮ್ಮ ದರಕ್ಕೆ ಸಂಬಂಧಿಸಿದಂತೆ ಸದ್ಯಕ್ಕೆ ಜಗಳ ಆಡಬೇಕಿರುವುದು ಕಾರ್ಖಾನೆಯವರ ಜೊತೆ, ಬೆಂಗಳೂರು-ದೆಹಲಿಯವರ ಜೊತೆ. ಜಿನೀವಾದವರ ಜೊತೆ ಅಲ್ಲ.

ಪ್ರಶ್ನೆ: ಹಂಪಿಯಲ್ಲಿ ಒಂದು ಶೆಡ್ ಹಾಕಿದರೂ ‘ಯುನೆಸ್ಕೊದವರು ಬಿಡುವುದಿಲ್ಲ’ ಎನ್ನುತ್ತಾರೆ. ಪ್ಯಾರಿಸ್‌ನಲ್ಲಿ ಕೂತವರಿಗೆ ನಮ್ಮೂರಿನ ಮೇಲೆ ಅಧಿಕಾರ ಕೊಟ್ಟವರು ಯಾರು? (ಹೊಸಪೇಟೆ)

ಯಾರೂ ಕೊಟ್ಟಿಲ್ಲ. ಹಂಪಿಯಲ್ಲಿ ಕಟ್ಟಡ ತಡೆಯುವುದು ನಮ್ಮದೇ ಕಾನೂನುಗಳು: ಪುರಾತತ್ವ ಇಲಾಖೆಯದು, ಜೊತೆಗೆ 2002ರಲ್ಲಿ ನಮ್ಮ ವಿಧಾನಮಂಡಲ ಮಾಡಿದ ಪ್ರಾಧಿಕಾರದ ಕಾಯ್ದೆ. ‘ಯುನೆಸ್ಕೊ ಬಿಡುವುದಿಲ್ಲ’ ಎನ್ನುವುದು ಕೆಲವೊಮ್ಮೆ ಅಧಿಕಾರಿಗಳಿಗೆ ಅನುಕೂಲದ ಮಾತು.

ಯುನೆಸ್ಕೊ ಮಾಡಬಲ್ಲದ್ದು ಒಂದೇ, ನಾಚಿಕೆಪಡಿಸುವುದು. 1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆನೆಗೊಂದಿಗೆ ತುಂಗಭದ್ರೆ ದಾಟಿಸಲು ತಳವಾರಘಟ್ಟದ ಬಳಿ ಸೇತುವೆ ಕೆಲಸ ನಡೆಯುತ್ತಿದ್ದಾಗ, 1999ರಲ್ಲಿ, 21 ದೇಶಗಳ ಸಮಿತಿ ಹಂಪಿಯನ್ನು ‘ಅಪಾಯದಲ್ಲಿರುವ’ ಪಟ್ಟಿಗೆ ಹಾಕಿತು. ಕೆಲಸ ನಿಂತಿತು. ಹರಿಗೋಲು ಬಿಟ್ಟರೆ ಗತಿಯಿಲ್ಲದ ಆಚೆ ದಡದವರಿಗೆ ಸೇತುವೆ ಬೇಕಿತ್ತು ಎಂಬುದು ಸುಳ್ಳಲ್ಲ. ವರ್ಷಗಟ್ಟಲೆ ಪತ್ರ, ಭೇಟಿ, ಚೌಕಾಸಿ ನಡೆದ ಮೇಲೆ 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಕಾಮಗಾರಿ ಮತ್ತೆ ಶುರುವಾಯಿತು, 2009ರ ಜನವರಿಯಲ್ಲಿ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಅದಕ್ಕೂ ಪ್ಯಾರಿಸ್‌ಗೂ ಸಂಬಂಧವಿಲ್ಲ.

ಅದೇ 2009ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲೂ ಸೇತುವೆಯದೇ ಜಗಳ. ಅಲ್ಲಿನ ಜನ ಮತ ಹಾಕಿ ‘ನಮಗೆ ಸೇತುವೆಯೇ ಬೇಕು’ ಎಂದಿದ್ದರು. ಸಮಿತಿ ಎಲ್ಬೆ ಕಣಿವೆಯನ್ನು ಪಟ್ಟಿಯಿಂದಲೇ ಕಿತ್ತುಹಾಕಿತು. ಸೇತುವೆ ಎದ್ದು ನಿಂತಿದೆ, ವಾಹನಗಳು ಓಡಾಡುತ್ತಿವೆ. ಯಾರಿಗೂ ದಂಡ ಬೀಳಲಿಲ್ಲ. ಬಿರುದು ಹೋಯಿತು, ಅಷ್ಟೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ವಿಶ್ವಸಂಸ್ಥೆಯ ಅಂಗ ಯಾವುದು, ಹೊರಗಿನದು ಯಾವುದು ಎಂದು ಗೊಂದಲ. ಹೇಗ್‌ನಲ್ಲಿರುವ ಎರಡೂ ಕೋರ್ಟ್ ಒಂದೇ ಏನು? (ವಿದ್ಯಾರ್ಥಿನಿ, ಧಾರವಾಡ)

ಒಂದೇ ಅಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯ ವಿಶ್ವಸಂಸ್ಥೆಯ ಅಂಗ, 15 ನ್ಯಾಯಾಧೀಶರು, ದೇಶ-ದೇಶಗಳ ವ್ಯಾಜ್ಯ ಮಾತ್ರ. 2019ರ ಕುಲಭೂಷಣ್ ಜಾಧವ್ ತೀರ್ಪು ಬಂದದ್ದು ಅಲ್ಲಿಂದ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2002ರಿಂದ ಕೆಲಸ ಮಾಡುತ್ತಿದೆ, ವ್ಯಕ್ತಿಗಳನ್ನು ವಿಚಾರಣೆಗೆ ಗುರಿಪಡಿಸುತ್ತದೆ, ವಿಶ್ವಸಂಸ್ಥೆಯ ಅಂಗವಲ್ಲ, ಭಾರತ ಅದರ ಸದಸ್ಯ ಅಲ್ಲ. ವಿಶ್ವ ವ್ಯಾಪಾರ ಸಂಸ್ಥೆಯೂ ಹೊರಗಿನದೇ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ಯುನೆಸ್ಕೊ, ವಿಶ್ವ ಆರೋಗ್ಯ ಸಂಸ್ಥೆ ‘ವಿಶೇಷ ಸಂಸ್ಥೆಗಳು’, ಅಂದರೆ ನಂಟಸ್ತಿಕೆ ಇದೆ, ಅಡುಗೆಮನೆ ಬೇರೆ. ಐಎಂಎಫ್‌ನಲ್ಲಿ ಒಂದು ದೇಶಕ್ಕೆ ಒಂದು ಮತ ಎಂಬುದೂ ಇಲ್ಲ. ಮತ ತೂಗುವುದು ಕೋಟಾದ ಮೇಲೆ, ಅಂದರೆ ದೇಶ ಹಾಕಿರುವ ಬಂಡವಾಳದ ಪಾಲಿನ ಮೇಲೆ. ದೊಡ್ಡ ತೀರ್ಮಾನಕ್ಕೆ ಶೇ 85 ಮತ ಬೇಕು, ಅಮೆರಿಕದ ಬಳಿ ಶೇ 16ಕ್ಕಿಂತ ಹೆಚ್ಚಿದೆ. ಕೂಡಿ ಕಳೆದು ನೋಡಿ, ಅಲ್ಲೂ ಒಂದು ವೀಟೊ ಸಿಗುತ್ತದೆ.

ವಿಶ್ವಸಂಸ್ಥೆಯ ಪ್ರಧಾನ ಅಂಗಗಳು ಆರು. ಮಹಾಸಭೆ, ಭದ್ರತಾ ಮಂಡಳಿ, ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, ನ್ಯಾಯಾಲಯ, ಸಚಿವಾಲಯ ಮತ್ತು ಧರ್ಮದರ್ಶಿ ಮಂಡಳಿ (ಇನ್ನೂ ಸ್ವತಂತ್ರವಾಗದ ಕೆಲವು ಪ್ರದೇಶಗಳ ಆಡಳಿತದ ಮೇಲೆ ಕಣ್ಣಿಡಲು ಇದ್ದದ್ದು). ಮೂರನೆಯದರ ಮೊದಲ ಅಧ್ಯಕ್ಷರು ಎ. ರಾಮಸ್ವಾಮಿ ಮೊದಲಿಯಾರ್, 1946ರಲ್ಲಿ ಮೈಸೂರಿನ ದಿವಾನರಾದವರು. ಕೊನೆಯದು 1994ರಲ್ಲಿ, ಪಲಾವು ಸ್ವತಂತ್ರವಾದ ಮೇಲೆ, ಕೆಲಸವಿಲ್ಲದೆ ಬಾಗಿಲು ಹಾಕಿಕೊಂಡಿತು. ಆದರೆ ಸನ್ನದಿನಿಂದ ಅದರ ಹೆಸರನ್ನು ಇನ್ನೂ ಯಾರೂ ತೆಗೆದಿಲ್ಲ. ಪರೀಕ್ಷೆಯಲ್ಲಿ ಆರು ಎಂದೇ ಬರೆಯಿರಿ.