ಮುಂದಿನ ಭಾಗ ಓದಲೋ ಬಿಡಲೋ?

ಪ್ರಶ್ನೆ: ಆನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ (1976) ಕಾದಂಬರಿ ತುಂಬಾ ಹಿಡಿಸಿತು. ಮುಂದಿನ ಭಾಗಗಳು ಸಪ್ಪೆ ಅಂತ ಕೆಲವರು, ಅವೇ ಚೆನ್ನ ಅಂತ ಕೆಲವರು. ನೀವೇನಂತೀರಿ?

ಉತ್ತರ: ಎರಡನೆಯದನ್ನು, ಅಂದರೆ 1985ರ ‘ದ ವ್ಯಾಂಪೈರ್ ಲೆಸ್ಟಾಟ್’ ಅನ್ನು, ಖಂಡಿತ ಓದಿ. ಮೊದಲ ಪುಸ್ತಕದಲ್ಲಿ ಲೂಯಿ ಅನ್ನೋ ವ್ಯಾಂಪೈರ್ (ರಕ್ತ ಹೀರುವ ಪಿಶಾಚಿ) ಹೇಳಿದ್ದೇ ಕಥೆ, ಅವನ ಕಣ್ಣಲ್ಲಿ ಇನ್ನೊಬ್ಬ ವ್ಯಾಂಪೈರ್ ಲೆಸ್ಟಾಟ್ ದೊಡ್ಡ ಕ್ರೂರಿ, ಕೊನೆಗೆ ಹಾಳುಬಿದ್ದ ಮನೆಯಲ್ಲಿ ಹೊರಗಿನ ಸದ್ದಿಗೂ ಬೆಚ್ಚಿ ನಡುಗುತ್ತಾನೆ. ಅದೇ ಆಸಾಮಿ ಇಲ್ಲಿ ರಾಕ್ ಗಾಯಕನಾಗಿ ಎದ್ದುಬಂದು, ಲೂಯಿ ಮಾತು ನಂಬಬೇಡಿ ಅಂತ ತನ್ನ ಕಥೆ ಶುರು ಮಾಡುತ್ತಾನೆ. ಮಜಾ ಇರೋದೇ ಅಲ್ಲಿ, ಅಲ್ವಾ? ಲೂಯಿಯ ಕೊರಗೇ ಬೇಕು ಅನ್ನುವವರಿಗೆ ಮಾತ್ರ ನಿರಾಸೆ ಆಗುತ್ತದೆ. 1988ರ ಮೂರನೆಯದರಲ್ಲಿ ಪಾತ್ರಗಳು ಜಾಸ್ತಿ, ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.