ವಾಷಿಂಗ್ಟನ್ ರಾಜ್ಯದ ಶಾಸನಸಭೆಯಲ್ಲಿ ‘ಪೇಜ್’ ಆಗುವುದರಿಂದ ಹೈಸ್ಕೂಲು ವಿದ್ಯಾರ್ಥಿಗೆ ಏನು ದೊರೆಯುತ್ತದೆ?

ಪೇಜ್ ಎಂದರೆ ಅಧಿವೇಶನದ ದಿನಗಳಲ್ಲಿ ಸದಸ್ಯರಿಗೂ ಸಿಬ್ಬಂದಿಗೂ ನೆರವಾಗುವ ವಿದ್ಯಾರ್ಥಿ. ನಿಯಮಗಳು ಅಮೆರಿಕದ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ ಇವೆ. ವಾಷಿಂಗ್ಟನ್‌ನಲ್ಲಿ 14ರಿಂದ 16 ವರ್ಷದೊಳಗಿನವರು ಒಬ್ಬ ಶಾಸಕರ ಪ್ರಾಯೋಜಕತ್ವ ಪಡೆದು, ರಾಜಧಾನಿ ಒಲಿಂಪಿಯಾದಲ್ಲಿ ಒಂದು ವಾರ ಕೆಲಸ ಮಾಡುತ್ತಾರೆ. ಅಲ್ಪ ಭತ್ಯೆಯೂ ಉಂಟು.

ಕಚೇರಿಯಿಂದ ಕಚೇರಿಗೆ ಕಾಗದಪತ್ರ ಒಯ್ಯುವುದು, ಸದನದೊಳಗೆ ಸದಸ್ಯರಿಗೆ ಚೀಟಿ ತಲುಪಿಸುವುದು ಮುಂತಾದ ಕೆಲಸಗಳು ಮೇಲ್ನೋಟಕ್ಕೆ ಚಿಕ್ಕವು. ಆದರೆ ಕೈಯಲ್ಲಿರುವ ಮಸೂದೆಯ ಹಾಳೆಯನ್ನೇ ಗಮನಿಸಿ: ಕೈಬಿಡಬೇಕಾದ ಪದಗಳಿಗೆ ಜೋಡಿ ಆವರಣ ಹಾಕಿ ಅಡ್ಡಗೆರೆ ಎಳೆದಿರುತ್ತಾರೆ, ಹೊಸದಾಗಿ ಸೇರಿಸುವ ಪದಗಳಿಗೆ ಅಡಿಗೆರೆ ಇರುತ್ತದೆ. ಕಾನೂನೆಂಬುದು ಸಾಲು ಸಾಲಾಗಿ ತಿದ್ದಲ್ಪಡುವ ಬರಹವೆಂದು ಪೌರನೀತಿಯ ಯಾವ ಪಾಠವೂ ನನಗೆ ಇಷ್ಟು ಸ್ಪಷ್ಟವಾಗಿ ತಿಳಿಸಿರಲಿಲ್ಲ. ಸದನದಲ್ಲಿ ಬಿರುಸಾಗಿ ವಾದಿಸಿದ ಎದುರಾಳಿ ಪಕ್ಷಗಳವರು ಮತ್ತೊಂದು ಮಸೂದೆಗೆ ಒಟ್ಟಾಗಿ ಮತ ಹಾಕುವುದನ್ನೂ ಅಲ್ಲಿ ಕಣ್ಣಾರೆ ಕಾಣಬಹುದು. ನನ್ನ ಮಟ್ಟಿಗೆ ಇದೇ ಅತ್ಯಂತ ಬೆಲೆಯುಳ್ಳ ಪಾಠ. ದಿನದ ಸ್ವಲ್ಪ ಹೊತ್ತು ನಡೆಯುವ ಪೇಜ್ ಶಾಲೆಯಲ್ಲಿ ವಿದ್ಯಾರ್ಥಿಗಳೇ ಅಣಕು ಮಸೂದೆ ಬರೆದು ಚರ್ಚಿಸುತ್ತಾರೆ.

ಸಾಮಾನ್ಯ ಅಧಿವೇಶನ ಜನವರಿಯ ಎರಡನೇ ಸೋಮವಾರ ಆರಂಭವಾಗಿ, ಬೆಸ ವರ್ಷಗಳಲ್ಲಿ ಗರಿಷ್ಠ 105 ದಿನ, ಸಮ ವರ್ಷಗಳಲ್ಲಿ 60 ದಿನ ನಡೆಯುತ್ತದೆ. ಮಸೂದೆಗಳು ತಾವು ಮೊದಲು ಮಂಡನೆಯಾದ ಸದನದಲ್ಲಿ ಅಂಗೀಕಾರ ಪಡೆಯಲೇಬೇಕಾದ ಗಡುವಿನ ವಾರ ಸಿಕ್ಕರೆ ಬಿಡಬೇಡಿ. ಆಗ ಚರ್ಚೆ ಹೆಚ್ಚು, ಸಮಿತಿಯ ಸಭೆಗಳು ಕಡಿಮೆ. ನಿಮ್ಮ ಕ್ಷೇತ್ರದ ಶಾಸಕರಿಗೆ ಅಧಿವೇಶನಕ್ಕೆ ಸಾಕಷ್ಟು ಮುಂಚೆಯೇ ಪತ್ರ ಬರೆಯಿರಿ.